ಶೈಲಜಾಳ ಜಪಾನೀಸ್

ಜಪಾನಿನ ಕಾವಾಸಾಕಿ ನಗರದ ಕನ್ನಡಿಗರ ಬಳಗದಲ್ಲಿ ಚಂದ್ರಕಾಂತನಿಗೆ ದೊಡ್ಡ ಹೆಸರು. ಯಾರದೋ ಮನೆಯ ಗೀಸರ್ ಕೆಟ್ಟರೆ, ಯಾರದೋ ಮಗುವಿಗೆ ಲಸಿಕೆ ಹಾಕಿಸಬೇಕಾದರೆ, ವಾರ್ಡ್ ಆಫೀಸಿನಿಂದ ತಲೆಬುಡ ತಿಳಿಯದ ಕಾಗದವೊಂದು ಬಂದರೆ ಮೊದಲ ಫೋನು ಅವನಿಗೆ. ಅವನು ಒಂದು ದಿನವೂ ಬೇಸರಿಸಿದವನಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು, ಫೋನಿನ ಆಚೆ ಕಡೆಯ ಕಾಣದ ಗುಮಾಸ್ತನಿಗೂ ತಲೆಬಾಗುತ್ತ ಅವನು ಆಡುತ್ತಿದ್ದ ಜಪಾನೀಸ್ ಕೇಳಿದವರು, "ಪುಸ್ತಕ ಓದಿದ ಹಾಗೆ ಮಾತಾಡ್ತೀರಲ್ಲ ಸಾರ್!" ಎಂದು ಬೆರಗಾಗುತ್ತಿದ್ದರು. ಬೆಂಗಳೂರಿನಲ್ಲಿ ಆಫೀಸು ಮುಗಿಸಿ, ಮಲ್ಲೇಶ್ವರದ ಮಹಡಿಯ ಮೇಲಿನ ಕೋಣೆಯೊಂದರಲ್ಲಿ ವರ್ಷಗಟ್ಟಲೆ ಕೂತು ಬೆವರು ಸುರಿಸಿ ಕಲಿತ ಭಾಷೆ ಅದು. ಕಂಪನಿಯಲ್ಲಿ ಅವನಿಗಿಂತ ಚೆನ್ನಾಗಿ ಕೋಡ್ ಬರೆಯುವವರಿದ್ದರು, ಅವನಿಗಿಂತ ಬೇಗ ಮೇಲೆ ಹೋದವರಿದ್ದರು. ಜಪಾನೀಸಿನಲ್ಲಿ ಮಾತ್ರ ಅವನನ್ನು ಮೀರಿಸಿದವರಿರಲಿಲ್ಲ.

ಜಪಾನಿನಲ್ಲಿ ದೊಡ್ಡ ಭೂಕಂಪವೂ ಸುನಾಮಿಯೂ ಆದ ಮರುವರ್ಷ, ಅಲ್ಲಿನ ಪೋಸ್ಟಿಂಗ್ ಎಂದರೆ ಬೇರೆಯವರು ಹಿಂದೆಮುಂದೆ ನೋಡುತ್ತಿದ್ದಾಗ, ಅವನು ಒಪ್ಪಿಕೊಂಡು ಬಂದಿದ್ದ. ಜೊತೆಗೆ ಹೆಂಡತಿ ಶೈಲಜಾ, ಮೂರು ವರ್ಷದ ಮಗಳು ಅಮೂಲ್ಯ. ಗದಗಿನ ಕಡೆಯ ಶೈಲಜಾಳಿಗೆ ಬೆಂಗಳೂರೇ ಪರಸ್ಥಳ ಅನ್ನಿಸಿತ್ತು, ಜಪಾನಿನ ಮಾತು ಹೇಳುವುದೇ ಬೇಡ. ಅಂಗಡಿಯಲ್ಲಿ ನಿಂತು ಉಪ್ಪು ಯಾವುದು ಸಕ್ಕರೆ ಯಾವುದು ತಿಳಿಯದೆ ಪ್ಯಾಕೆಟ್ಟಿನ ಫೋಟೋ ತೆಗೆದು ಗಂಡನಿಗೆ ಕಳಿಸುತ್ತಿದ್ದಳು. ಹಲ್ಲಿನ ಡಾಕ್ಟರ ಹತ್ತಿರ ಅವಳು ಬಾಯಿ ತೆರೆದರೆ, ನೋವು ಎಲ್ಲಿದೆ ಎಂದು ಹೇಳುತ್ತಿದ್ದವನು ಅವನು. ಆರು ವರ್ಷಗಳಾದರೂ ಅವನು ಪಕ್ಕದಲ್ಲಿದ್ದರೆ ಅವಳು ಕ್ಷಮಿಸಿ ಎನ್ನಲು ಒಂದು ಸುಮಿಮಾಸೆನ್, ವಂದನೆ ಎನ್ನಲು ಒಂದು ಅರಿಗಾತೋ ಬಿಟ್ಟು ಇನ್ನೇನೂ ಆಡಿದ್ದನ್ನು ಅವನು ಕೇಳಿರಲಿಲ್ಲ. ಈಚೆಗೆ ಎರಡು ವರ್ಷಗಳಿಂದ ಮನೆಯ ಹತ್ತಿರದ ವೃದ್ಧರ ಡೇ-ಕೇರ್‌ಗೆ ಕೆಲಸಕ್ಕೆ ಹೋಗುತ್ತಿದ್ದಳು. ಏನು ಕೆಲಸ ಎಂದರೆ, "ಟವೆಲ್ ಮಡಚೋದು, ಟೀ ಕೊಡೋದು," ಎಂದಿದ್ದಳು. ಅವನು ಮುಂದೆ ಕೇಳಿರಲಿಲ್ಲ.

ಪ್ರತಿ ಪ್ರವಾಸವನ್ನೂ ಗೊತ್ತು ಮಾಡುತ್ತಿದ್ದವನು ಚಂದ್ರಕಾಂತ. ಈ ಸಲ ಮಾತ್ರ ಶೈಲಜಾ ತಾನಾಗಿ ಬಾಯಿಬಿಟ್ಟಳು.

"ಹಾಯಾಸೆ ಅಂತ ಒಂದು ಊರಿದೆಯಂತೆ. ಯಾಮಾಗಾತಾ ಪ್ರಾಂತ್ಯದ ಒಳಗಡೆ, ಮೊಗಾಮಿ ನದಿ ದಂಡೇಲಿ. ಎರಡು ಮ್ಯೂಸಿಯಂ ಇದೆಯಂತೆ, ದೋಣಿ ಪ್ರಯಾಣ ಇದೆಯಂತೆ. ಹೋಗೋಣ್ವಾ?"

"ಯಾರು ಹೇಳಿದ್ರು ನಿನಗೆ?"

"ಡೇ-ಕೇರ್‌ನಲ್ಲಿ ಒಬ್ರು ಅಜ್ಜಿ ಇದಾರೆ, ತೋಮಿ-ಸಾನ್ ಅಂತ. ಅದು ಅವರ ತವರೂರು."

ಚಂದ್ರಕಾಂತ ಎಂದಿನಂತೆ ಸಿದ್ಧತೆ ಮಾಡಿದ. ಆ ಊರಿನ ಇತಿಹಾಸ ಓದಿದ. ಹಳೆಯ ಪದ್ಧತಿಯ ಸಣ್ಣ ವಸತಿಗೃಹವೊಂದಕ್ಕೆ, ತಾವು ಮಾಂಸ ಮೀನು ತಿನ್ನುವುದಿಲ್ಲವೆಂದು ಅತಿ ವಿನಯದ ಜಪಾನೀಸಿನಲ್ಲಿ ಒಂದು ಮೇಲ್ ಬರೆದ. ಅದನ್ನು ಮತ್ತೊಮ್ಮೆ ಓದಿಕೊಂಡು, ಇಷ್ಟು ಸೊಗಸಾದ ಮೇಲ್ ಆ ಹಳ್ಳಿಗೆ ಹಿಂದೆಂದೂ ಬಂದಿರಲಾರದು ಎಂದುಕೊಂಡ.

ಅಕ್ಟೋಬರ್ ಕೊನೆಯ ಶನಿವಾರ ಮೂವರೂ ಶಿಂಕಾನ್ಸೆನ್ ಬುಲೆಟ್ ರೈಲು ಇಳಿದು, ಎರಡೇ ಡಬ್ಬಿಯ ಲೋಕಲ್ ರೈಲು ಹಿಡಿದು ಹಾಯಾಸೆ ಸೇರಿದರು. ಸ್ಟೇಷನ್ನಿನಲ್ಲಿ ಇಳಿದವರು ಅವರು ಮಾತ್ರ. ಬೆಟ್ಟಗಳು ಕೆಂಪು ಹಳದಿ ಬಣ್ಣಕ್ಕೆ ತಿರುಗಿದ್ದವು. ಒಂದು ಮುಖ್ಯ ಬೀದಿ, ಮುಚ್ಚಿದ ಅಂಗಡಿಗಳು, ಮನೆಗಳ ಸೂರಿನಡಿ ಒಣಗಲು ಕಟ್ಟಿದ ಪರ್ಸಿಮನ್ ಹಣ್ಣುಗಳು. ಹಗಲುರಾತ್ರಿ ತೆರೆದಿರುವ ಕೊಂಬಿನಿ ಅಂಗಡಿ ಒಂದು ಕೂಡ ಕಾಣಲಿಲ್ಲ.

ಮೊದಲ ಮ್ಯೂಸಿಯಂ ಒಬ್ಬ ಹಳೆಯ ವ್ಯಾಪಾರಿಯ ಮನೆ. ಒಂದು ಕಾಲಕ್ಕೆ ಆ ಕಣಿವೆಯಲ್ಲಿ ಕೆಂಪು ಬಣ್ಣಕ್ಕಾಗಿ ಒಂದು ಹೂವನ್ನು ಬೆಳೆಯುತ್ತಿದ್ದರು. ಎಸಳುಗಳನ್ನು ಕುಟ್ಟಿ ಬಿಲ್ಲೆ ತಟ್ಟಿ, ದೋಣಿಗೆ ಹಾಕಿ, ಸಮುದ್ರದ ಬಂದರಿಗೆ ಇಳಿಸಿ, ಅಲ್ಲಿಂದ ಕ್ಯೋಟೋದ ಸಿರಿವಂತರಿಗೆ ಕಳಿಸುತ್ತಿದ್ದರು. ಅದನ್ನೆಲ್ಲ ಚಂದ್ರಕಾಂತ ಓದಿಕೊಂಡೇ ಬಂದಿದ್ದ. ತೋರಿಸಲು ಬಂದ ಎಪ್ಪತ್ತರ ಹೆಂಗಸು ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ನಿಂತಾಗ, ಅವನು ಗಂಟಲು ಸರಿಮಾಡಿಕೊಂಡು ತನ್ನ ಪ್ರಶ್ನೆಯನ್ನು ಮುಂದಿಟ್ಟ. ಆ ವ್ಯಾಪಾರದಲ್ಲಿ ಬಂದರಿನ ದಲ್ಲಾಳಿಗಳ ಪಾತ್ರವೇನು ಎಂಬ ಪ್ರಶ್ನೆ. ವಾಕ್ಯ ಉದ್ದವಾಗಿತ್ತು, ವ್ಯಾಕರಣದಲ್ಲಿ ಒಂದು ಕೂದಲೂ ಕೊಂಕಿರಲಿಲ್ಲ.

ಹೆಂಗಸು ಕಣ್ಣು ಕಿರಿದು ಮಾಡಿ ಕೇಳಿ, ಏನೋ ಹೇಳಿದಳು. ಬಾಯಿ ತುಂಬ ಬಿಸಿ ಅನ್ನ ಇಟ್ಟುಕೊಂಡು ಮಾತಾಡಿದಂತಿತ್ತು ಆ ಮಾತು. ಜಪಾನೀಸ್ ಹೌದು, ಆದರೆ ಅವನ ಯಾವ ಪುಸ್ತಕದಲ್ಲೂ ಇಲ್ಲದ ಜಪಾನೀಸ್. ಅವನು, "ಹೌದೇ, ಹೌದೇ," ಎಂದು ತಲೆಯಾಡಿಸಿದ. ಹೆಂಗಸು ಇನ್ನೇನೋ ಕೇಳಿದಳು. ಅವನು ಮತ್ತೆ, "ಹೌದೇ," ಎಂದ. ಆಕೆ ಕಾಯುತ್ತ ನಿಂತಳು.

ಅಷ್ಟರಲ್ಲಿ ಗಾಜಿನ ಪೆಟ್ಟಿಗೆಯ ಮುಂದೆ ನಿಂತಿದ್ದ ಶೈಲಜಾ, "ಅಯ್ಯ! ಇದು ಕುಸುಬಿ ಅಲ್ಲೇನ್ರೀ!" ಎಂದು ಕೂಗಿದಳು. ಅಲ್ಲಿ ಆ ಬಣ್ಣದ ಹೂವಿನ ಒಣಗಿದ ಗಿಡವೊಂದಿತ್ತು. ಮುಳ್ಳೆಲೆ, ಕಿತ್ತಳೆ ಹೂ. ಗದಗಿನ ಹೊಲಗಳಲ್ಲಿ ಅವಳು ಹುಟ್ಟಿದಾಗಿನಿಂದ ಕಂಡ ಕುಸುಬೆ. ಅವಳು ಸರ್ರನೆ ಹೆಂಗಸಿನ ಕಡೆ ತಿರುಗಿದಳು, ತಿರುಗಿದ್ದೇ ಮಾತು ಶುರುಮಾಡಿದಳು. ಅದೇ ಬಿಸಿ ಅನ್ನದ ಮಾತು. ಕೈಯಲ್ಲಿ ಮುಳ್ಳು ಚುಚ್ಚಿದಂತೆ ತೋರಿಸಿದಳು, ಸೆರಗು ಸುತ್ತಿಕೊಂಡಂತೆ ತೋರಿಸಿದಳು. ಹೆಂಗಸು, "ಹೋ! ಹೋ!" ಎಂದು ಎರಡೂ ಕೈಗಳಿಂದ ಶೈಲಜಾಳ ತೋಳು ಹಿಡಿದಳು.

ಚಂದ್ರಕಾಂತ ನಿಂತಲ್ಲೇ ನಿಂತ. ಸಾಕಿದ ಗಿಳಿ ಒಂದು ಬೆಳಿಗ್ಗೆ ಎದ್ದು ಕನ್ನಡದಲ್ಲಿ ಯೋಗಕ್ಷೇಮ ವಿಚಾರಿಸಿದ್ದರೂ ಅವನು ಅಷ್ಟು ಬೆಚ್ಚುತ್ತಿರಲಿಲ್ಲ.

"ಏನಂತೆ?" ಎಂದ ಕೊನೆಗೆ.

"ಇಲ್ಲೂ ಮುಳ್ಳಿಗೆ ಹೆದರಿ ನಸುಕಿನಲ್ಲೇ ಕೀಳ್ತಾರಂತೆ. ಇಬ್ಬನಿ ಬಿದ್ದಿದ್ರೆ ಮುಳ್ಳು ಮೆತ್ತಗಿರುತ್ತಂತೆ. ನಮ್ಮಜ್ಜಿನೂ ಹಂಗೇ ಅಂತಿದ್ರು."

"ನನ್ನ ಪ್ರಶ್ನೆಗೆ ಏನಂದ್ರು?"

"ಅವರಿಗೆ ಅದು ಗೊತ್ತಿಲ್ವಂತೆ. ನಿಮಗೆ ಟೀ ಬೇಕಾ ಅಂತ ಕೇಳಿದ್ರು."

ಹೆಂಗಸು ಒಂದು ಪುಟ್ಟ ಪಿಂಗಾಣಿ ಬಟ್ಟಲು ತಂದಳು. ಅದರೊಳಗೆ ಸವರಿದ್ದ ಬಣ್ಣ ಜೀರುಂಡೆಯ ರೆಕ್ಕೆಯಂತೆ ಹಸಿರಾಗಿ ಮಿನುಗುತ್ತಿತ್ತು. ಒದ್ದೆ ಕುಂಚ ತಾಗಿದ್ದೇ ಅದು ರಕ್ತದಂತೆ ಕೆಂಪಾಯಿತು. ಅದನ್ನು ಅವಳು ಶೈಲಜಾಳ ತುಟಿಗೆ ಹಚ್ಚಿದಳು. ಅಮೂಲ್ಯ ಚಪ್ಪಾಳೆ ತಟ್ಟಿದಳು. ಶೈಲಜಾ ನಿಜಕ್ಕೂ ಚೆಲುವಾಗಿ ಕಾಣುತ್ತಿದ್ದಳು, ಅದರಿಂದ ಅವನಿಗೆ ಇನ್ನಷ್ಟು ಸಂಕಟವಾಯಿತು. ಆಗ ಹೆಂಗಸು ಅವನ ಕಡೆ ತಿರುಗಿ, ಕಿವಿ ಕೇಳದವನಿಗೋ ಎಳೆಮಗುವಿಗೋ ಹೇಳುವಂತೆ, ಒಂದೊಂದೇ ಮಾತು ಬಿಡಿಸಿ ಹೇಳಿದಳು: "ಯಜಮಾನ್ರೇ. ಫೋಟೋ. ತೆಗೀತೀರಾ?"

ಚಂದ್ರಕಾಂತ ಫೋಟೋ ತೆಗೆದ.

ಎರಡನೆಯ ಮ್ಯೂಸಿಯಂ ಮುಚ್ಚಿಹೋದ ಒಂದು ಶಾಲೆಯ ಕಟ್ಟಡದಲ್ಲಿತ್ತು. ಆಳೆತ್ತರ ಹಿಮ ಬೀಳುವ ಆ ಸೀಮೆಯ ಜನ ಹುಲ್ಲಿನಿಂದ ಹೆಣೆದುಕೊಳ್ಳುತ್ತಿದ್ದ ಅಂಗಿ, ಬೂಟು, ಹಿಮದ ಮೇಲೆ ಎಳೆಯುವ ಗಾಡಿ. ಅಲ್ಲಿನ ನಡುವಯಸ್ಸಿನ ನೌಕರ ಶೈಲಜಾಳ ಮಾತಿಗೆ ಮಾತು ಕೊಡುತ್ತ ಒಂದೊಂದು ಸಾಮಾನನ್ನೂ ಕೆಳಗಿಳಿಸಿ ಅವಳ ಕೈಗೇ ಕೊಡುತ್ತಿದ್ದ. ಅವಳು ಹುಲ್ಲಿನ ಟೋಪಿ ಹಾಕಿಕೊಂಡು ಏನೋ ಅಂದಳು. ಅವನು ಬಿದ್ದು ಬಿದ್ದು ನಕ್ಕ. ಚಂದ್ರಕಾಂತನಿಗೆ ತಡೆಯಲಾಗಲಿಲ್ಲ. ಅವಳ ವಾಕ್ಯದ ಕೊನೆ ತಪ್ಪೆಂದೂ, ಹಿರಿಯರ ಮುಂದೆ ಆ ಕ್ರಿಯಾಪದ ಬಳಸಬಾರದೆಂದೂ, ಆ ನೌಕರನ ಎದುರಿಗೇ, ಜಪಾನೀಸಿನಲ್ಲೇ ತಿದ್ದಿದ.

ನೌಕರ ನಗು ನಿಲ್ಲಿಸಿ ನೆಲ ನೋಡಿದ. ಶೈಲಜಾ ಟೋಪಿ ತೆಗೆದು ಮೇಜಿನ ಮೇಲಿಟ್ಟಳು.

"ಅಪ್ಪಾ," ಎಂದಳು ಅಮೂಲ್ಯ ಸಣ್ಣ ದನಿಯಲ್ಲಿ, "ಯಾರೂ ನಿನ್ ತರ ಮಾತಾಡಲ್ಲ. ಟಿವಿ ನ್ಯೂಸ್‌ನಲ್ಲಿ ಮಾತ್ರ."

ಸಂಜೆ ವಸತಿಗೃಹದ ಒಡತಿ ಬಾಗಿಲಲ್ಲೇ ಮಂಡಿಯೂರಿ ಸ್ವಾಗತಿಸಿದಳು. ಈಕೆ ಟೋಕಿಯೋದಲ್ಲಿ ಕೆಲಸ ಮಾಡಿ ಬಂದವಳು. ಈಕೆಯ ಜಪಾನೀಸ್ ತಿಳಿಯಾಗಿತ್ತು. ಚಂದ್ರಕಾಂತನಿಗೆ ಹೋದ ಜೀವ ಬಂದಂತಾಗಿ, "ನನ್ನ ಮೇಲ್ ತಮಗೆ ತಲುಪಿತೆಂದು ಭಾವಿಸುತ್ತೇನೆ," ಎಂದ.

"ತಲುಪಿತು ತಲುಪಿತು. ಆದರೆ ನಮ್ಮ ಅಡುಗೆಯವರಿಗೆ ಗೊಂದಲವಾಯಿತು. ಮೀನು ಬೇಡ ಸರಿ, ಮೀನಿನ ಸಾರು ಹಾಕಿದ ಪಲ್ಯ ಆಗುತ್ತೋ ಇಲ್ಲವೋ? ಮನೆಗೆ ಫೋನ್ ಮಾಡಿದೆ. ನಿಮ್ಮ ಹೆಂಡತಿ ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದರು ಅಂತೀರಿ! ನಮ್ಮೂರಿನ ಮಾತು ಕೇಳಿ ಅಡುಗೆಯವರಂತೂ ಫೋನ್ ಕಿತ್ತುಕೊಂಡು ಅರ್ಧ ಗಂಟೆ ಹರಟಿದರು."

ಊಟಕ್ಕೆ ಹುಳಿಯಲ್ಲಿ ನೆನೆಸಿದ ಸೇವಂತಿಗೆಯ ಎಸಳು, ಕಾಡಿನ ಅಣಬೆ, ಕೆಸುವಿನ ಗೆಡ್ಡೆ ಬೇಯಿಸಿದ್ದು, ಹೊಸ ಅಕ್ಕಿಯ ಅನ್ನ. ಯಾವುದರಲ್ಲೂ ಮೀನಿನ ವಾಸನೆ ಇರಲಿಲ್ಲ. ಚಂದ್ರಕಾಂತನಿಗೆ ಯಾವುದರ ರುಚಿಯೂ ಹತ್ತಲಿಲ್ಲ. ಅವನು ತಿಂದ ಪ್ರತಿ ತುತ್ತೂ ಹೆಂಡತಿಯ ಮಾತಿನಿಂದ ಬಂದದ್ದು. ಶೈಲಜಾ, "ಕೆಸುವಿನ ಗೆಡ್ಡೆ ಚೆನ್ನಾಗಿದೆಯಲ್ವಾ?" ಎಂದಾಗ, "ಹೂಂ," ಎಂದ. ಅವನ ಮುಖ ಹರಳೆಣ್ಣೆ ಕುಡಿದಂತಿತ್ತು.

ಮರುದಿನ ಬೆಳಿಗ್ಗೆ ದೋಣಿ. ಉದ್ದನೆಯ ಚಪ್ಪಟೆ ದೋಣಿ, ನೆಲಕ್ಕೆ ಚಾಪೆ, ನಡುವೆ ತಗ್ಗಾದ ಮೇಜು. ಸೆಂದಾಯಿ ಪಟ್ಟಣದಿಂದ ಬಂದ ವಯಸ್ಸಾದವರ ಒಂದು ಗುಂಪು ಆಗಲೇ ಕೂತು ಕಿತ್ತಳೆ ಸುಲಿಯುತ್ತಿತ್ತು. ಅಂಬಿಗ ಅರವತ್ತರ ಗಟ್ಟಿ ಆಳು, ತಲೆಗೆ ಬಿದಿರಿನ ಟೋಪಿ. ಭೂಕಂಪವಾದ ವರ್ಷ ಒಂದು ನರಪಿಳ್ಳೆಯೂ ಬರದೆ ತಾನೊಬ್ಬನೇ ನದಿಗೆ ಹಾಡು ಹೇಳುತ್ತಿದ್ದೆ ಎಂದು ನಗಿಸುತ್ತ ದೋಣಿ ಬಿಟ್ಟ. ನೀರು ಹಸಿರಾಗಿ, ದಪ್ಪವಾಗಿ, ಸದ್ದಿಲ್ಲದೆ ಸಾಗುತ್ತಿತ್ತು. ಎರಡೂ ದಡಗಳಲ್ಲಿ ಬೆಟ್ಟ ನೇರವಾಗಿ ನೀರಿಗಿಳಿದಿತ್ತು. ಅಲ್ಲಲ್ಲಿ ಸಣ್ಣ ಜಲಪಾತ ಬೆಳ್ಳಿಯ ದಾರದಂತೆ.

ಇವತ್ತಾದರೂ ಸುಮ್ಮನಿರಬಾರದೆಂದು ಚಂದ್ರಕಾಂತ ಮುಂದಿನ ಸಾಲಿನಲ್ಲೇ ಕೂತಿದ್ದ. ಅಂಬಿಗ ಅವನ ಕಡೆ ಬಾಗಿ, "ಸಾಮುಗುನೆಗಾ?" ಎಂದು ಕೇಳಿದ. ಹೆಸರು ಕೇಳುತ್ತಿದ್ದಾನೆಂದು ಚಂದ್ರಕಾಂತನಿಗೆ ಅನ್ನಿಸಿತು.

"ನನ್ನನ್ನು ಚಂದ್ರಕಾಂತನೆಂದು ಕರೆಯುತ್ತಾರೆ. ತಮ್ಮ ಪರಿಚಯ ನನ್ನ ಭಾಗ್ಯ," ಎಂದು ತಲೆಬಾಗಿದ.

ಅಂಬಿಗ ಕೇಳಿದ್ದು, ಚಳಿಯಾಗುತ್ತಿಲ್ಲವೇ ಎಂದು. ಅಜ್ಜಿಯರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಹಿಂದಿನಿಂದ ಶೈಲಜಾ ಆ ಊರಿನ ಮಾತಿನಲ್ಲಿ ಥಟ್ಟನೆ ಏನೋ ಅಂದಳು. ಇಡೀ ದೋಣಿ ಗೊಳ್ಳೆಂದು ನಕ್ಕಿತು. ಅಂಬಿಗ ಹುಟ್ಟಿನ ಹಿಡಿಯ ಮೇಲೆ ಹಣೆಯಿಟ್ಟು ನಕ್ಕ.

"ಏನಂದೆ?" ಚಂದ್ರಕಾಂತ ತಿರುಗಿದ.

"ಏನಿಲ್ಲ ಬಿಡಿ."

"ಏನಂದೆ ಹೇಳು."

"ಆಮೇಲೆ ಹೇಳ್ತೀನಿ ರೀ."

ಅವನು ನೀರು ನೋಡುತ್ತ ಕೂತ. ಕಿವಿ ಕಾದಿದ್ದವು. ತನ್ನ ಹೆಂಡತಿ, ತನ್ನ ಕಣ್ಣೆದುರೇ, ಪರರ ಮುಂದೆ ತನ್ನನ್ನು ಹಾಸ್ಯದ ವಸ್ತು ಮಾಡಿದಳು. ಅದೂ ತಾನು ಇಷ್ಟು ವರ್ಷ ಪೂಜೆ ಮಾಡಿದ ಭಾಷೆಯಲ್ಲಿ. ವರ ಕೊಡುವಾಗ ಮಾತ್ರ ದೇವರು ಅವಳ ಕಡೆ ತಿರುಗಿಬಿಟ್ಟಿದ್ದ.

ನಡುದಾರಿಯಲ್ಲಿ ದೋಣಿ ಆಚೆ ದಡಕ್ಕೆ ಹತ್ತಿತು. ರಸ್ತೆಯಿಲ್ಲದ ದಡ, ಸೀಡರ್ ಮರಗಳ ಕೆಳಗೆ ಒಂದು ಪುಟ್ಟ ಗುಡಿ. ಎಲ್ಲರೂ ಇಳಿದರು. ಅಮೂಲ್ಯ ಅಜ್ಜಿಯರ ಜೊತೆ ಗಂಟೆ ಬಾರಿಸಲು ಓಡಿದಳು. ಚಂದ್ರಕಾಂತ ಗುಡಿಯ ಹಿಂದಕ್ಕೆ ನಡೆದ. ಶೈಲಜಾ ಹಿಂದೆಯೇ ಬಂದಳು.

"ಯಾಕೆ ಹೀಗಿದೀರಾ ನಿನ್ನೆಯಿಂದ?"

"ನನ್ನ ಮುಂದೆ ಬಾಯೇ ಬರದವಳ ಹಾಗಿದ್ದು, ನನ್ನ ಹಿಂದೆ ಇಷ್ಟೆಲ್ಲ ಕಲ್ತಿದೀಯ. ಹೋಟೆಲ್‌ನವರ ಹತ್ರ ಫೋನಲ್ಲಿ ಮಾತಾಡಿ ನನಗೆ ಒಂದು ಮಾತೂ ಹೇಳಿಲ್ಲ. ಯಾಕೆ? ನಾನು ಪೆದ್ದ ಅಂತ ಎಲ್ಲರಿಗೂ ತೋರಿಸೋಕಾ?"

"ಹಾಗಲ್ಲ ರೀ."

"ಮತ್ತೆ?"

"ಜಪಾನೀಸ್ ಮಾತಾಡುವಾಗ ನಿಮ್ಮ ಮುಖ ಹೇಗೆ ಅರಳಿರುತ್ತೆ ಗೊತ್ತಾ? ಆಫೀಸಿಂದ ಬಂದಾಗ ಆ ಮುಖ ಇರಲ್ಲ. ನಾನೂ ಮಾತಾಡಿದ್ರೆ ಅದು ಹೋಗಿಬಿಡುತ್ತೆ ಅನ್ನಿಸ್ತು. ಅದಕ್ಕೆ ಸುಮ್ನಿದ್ದೆ."

ಬೈಗುಳವಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಇದು ಕನಿಕರವಾಗಿತ್ತು.

"ಅಂದ್ರೆ ನನಗೆ ಭಿಕ್ಷೆ ಹಾಕ್ತಿದ್ದೆ. ಆಯ್ತು, ಇನ್ಮೇಲೆ ಮನೆಗೆ ಫೋನ್ ಬಂದ್ರೆ ನೀನೇ ಮಾತಾಡು, ವಾರ್ಡ್ ಆಫೀಸಿಗೂ ನೀನೇ ಹೋಗು. ನಾನು ಬಾಯಿ ಹೊಲ್ಕೊಂಡಿರ್ತೀನಿ."

"ಹೊಲ್ಕೊಳ್ಳಿ," ಎಂದಳು ಶೈಲಜಾ. ದನಿ ಏರಿರಲಿಲ್ಲ. "ಹೇಗಿರುತ್ತೆ ಅಂತ ಗೊತ್ತಾಗುತ್ತೆ. ನಾನು ಹೊಲ್ಕೊಂಡಿದ್ದೆನಲ್ಲ."

ಅವಳು ಹಿಂದಿರುಗಿ ನೋಡದೆ ದೋಣಿಯ ಕಡೆ ನಡೆದಳು.

ಹಿಂದಿರುಗುವಾಗ ಅವನು ಕೊನೆಯ ಸಾಲಿನಲ್ಲಿ ಕೂತ. ಅಂಬಿಗ ಹಾಡಿದ. ಹಳೆಯ ದೋಣಿಯವರ ಹಾಡು; ದನಿ ಬೆಟ್ಟಕ್ಕೆ ಬಡಿದು ವಾಪಸು ಬರುತ್ತಿತ್ತು. ಹಾಡು ಮುಗಿಸಿ, ಶೈಲಜಾಳ ಕಡೆ ಗದ್ದ ಎತ್ತಿ, ನಿಮ್ಮೂರಿನದೂ ಒಂದು ಆಗಲಿ ಎಂದ. ಅಷ್ಟು ಚಂದ್ರಕಾಂತನಿಗೂ ಅರ್ಥವಾಯಿತು. ಅವಳೇನು ಹಾಡುತ್ತಾಳೆ, ಎಂದುಕೊಂಡ. ಮದುವೆಯಾದ ಹನ್ನೊಂದು ವರ್ಷಗಳಲ್ಲಿ ಅವಳು ದೇವರ ಮುಂದೆ ಕೂಡ ಗುನುಗಿದ್ದನ್ನು ಅವನು ಕೇಳಿರಲಿಲ್ಲ.

ಶೈಲಜಾ ಮೇಜಿನ ಮೇಲೆ ಬೆರಳಿಂದ ತಾಳ ಹಾಕುತ್ತ ಹಾಡಿದಳು. ನಸುಕಿನಲ್ಲಿ ಕುಸುಬೆಯ ಎಸಳು ಬಿಡಿಸುವ ಹೆಂಗಸರ ಪದ. ಇಬ್ಬನಿ ಆರುವುದರೊಳಗೆ ಮಡಿಲು ತುಂಬಬೇಕು ಎನ್ನುತ್ತದೆ ಆ ಪದ. ಬಿಸಿಲಿಗೆ ಕಾದ ಹೆಂಚಿನಂಥ ಒರಟು ದನಿ, ಏರುವ ಕಡೆ ಒಂದಿಷ್ಟೂ ಹಿಂಜರಿಯದೆ ಏರುತ್ತಿತ್ತು. ಅಜ್ಜಿಯರು ಕಿತ್ತಳೆ ಸುಲಿಯುವುದು ನಿಲ್ಲಿಸಿದರು. ಅಂಬಿಗ ಹುಟ್ಟು ಎತ್ತಿಹಿಡಿದು ದೋಣಿಯನ್ನು ನೀರಿಗೇ ಬಿಟ್ಟ.

ಚಂದ್ರಕಾಂತ ಮಗಳ ಕಡೆ ಬಾಗಿ, "ಅಮ್ಮಂಗೆ ಹಾಡೋಕೆ ಬರುತ್ತೆ ಅಂತ ನಿನಗೆ ಗೊತ್ತಿತ್ತಾ?" ಎಂದ.

"ಗೊತ್ತು," ಎಂದಳು ಅಮೂಲ್ಯ ಆಶ್ಚರ್ಯದಿಂದ. "ಅಮ್ಮ ಡೇ-ಕೇರ್‌ನಲ್ಲಿ ತೋಮಿ ಅಜ್ಜಿಗೆ ದಿನಾ ಹಾಡ್ತಾಳೆ. ಸ್ಕೂಲ್ ಮುಗಿಸಿ ನಾನು ಅಲ್ಲಿಗೇ ಹೋಗ್ತೀನಲ್ಲ."

ಅಲ್ಲಿಯವರೆಗೆ ತನಗೆ ಹೊಟ್ಟೆಕಿಚ್ಚು ಹೆಂಡತಿಯ ಮೇಲೆ ಎಂದುಕೊಂಡಿದ್ದ ಚಂದ್ರಕಾಂತನಿಗೆ ಕಿಚ್ಚು ಬೇರೆ ಕಡೆಗೆ ಹೊರಳಿದ್ದು ತಿಳಿಯಿತು. ಡೇ-ಕೇರ್‌ನಲ್ಲಿ ಕೂತ ಯಾರೋ ಮುದುಕಿಯೊಬ್ಬಳು, ಅವನು ಕಣ್ಣಿಂದಲೂ ಕಾಣದವಳು, ಈ ದನಿಯನ್ನು ದಿನವೂ ಕೇಳುತ್ತಾಳೆ. ಮಗಳು ಕೇಳುತ್ತಾಳೆ. ಈಗ ಸೆಂದಾಯಿಯ ಅಜ್ಜಿಯರೂ ಕೇಳಿದರು. ಇಡೀ ಲೋಕ ಕೇಳಿಯಾದ ಮೇಲೆ, ಕೊನೆಯ ಸಾಲಿನಲ್ಲಿ ಕೂತು, ಅವನು ಕೇಳಿದ. ಭಾಷೆ ಸೋತದ್ದಕ್ಕಿಂತ ಇದು ಹೆಚ್ಚು ಉರಿಯಿತು. ಎಲ್ಲರ ಜೊತೆ ಚಪ್ಪಾಳೆ ತಟ್ಟಲು ಕೈ ಎತ್ತಿದ, ಕೈಗಳು ಕೂಡಲಿಲ್ಲ.

ಮಧ್ಯಾಹ್ನದ ಶಿಂಕಾನ್ಸೆನ್‌ನಲ್ಲಿ ಅಮೂಲ್ಯ ಕಿಟಕಿಗೆ ಒರಗಿ ನಿದ್ದೆಹೋದಳು. ಕೊನೆಗೆ ಅವನೇ ಕೇಳಿದ.

"ದೋಣೀಲಿ ಏನಂದೆ?"

"ನಮ್ಮೋರು ವರ್ಷವೆಲ್ಲ ಊರೋರ ಪರವಾಗಿ ಮಾತಾಡಿ ದಣಿದಿದಾರೆ, ಇವತ್ತು ಕಿವಿಗೆ ರಜಾ ಕೊಟ್ಟು ಬಂದಿದಾರೆ ಅಂದೆ. ಅಷ್ಟೇ."

ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಅದರಲ್ಲಿ ಅವಮಾನ ಸಿಗಲಿಲ್ಲ. ಸಿಕ್ಕಿದ್ದರೆ ಸುಲಭವಾಗುತ್ತಿತ್ತು.

"ಆ ತೋಮಿ-ಸಾನ್ ಯಾರು?"

ಶೈಲಜಾ ಅವನ ಮುಖವನ್ನೊಮ್ಮೆ ನೋಡಿ ಹೇಳತೊಡಗಿದಳು. ಹಾಯಾಸೆಯಲ್ಲಿ ಹುಟ್ಟಿ ಕಡಲ ತೀರದ ಊರಿಗೆ ಮದುವೆಯಾಗಿ ಹೋದವಳು. ಸುನಾಮಿಯಲ್ಲಿ ಗಂಡನೂ ಮನೆಯೂ ಹೋದ ಮೇಲೆ ಮಗ ಕಾವಾಸಾಕಿಗೆ ಕರೆತಂದಿದ್ದ. ಡೇ-ಕೇರ್‌ನಲ್ಲಿ ಅವಳ ಹಳ್ಳಿಮಾತು ಯಾರಿಗೂ ತಿಳಿಯದೆ, ಅವಳೂ ಮಾತು ಬಿಟ್ಟು ಮೂಲೆಯಲ್ಲಿರುತ್ತಿದ್ದಳು. ಶೈಲಜಾಳಿಗೂ ಯಾರ ಮಾತೂ ತಿಳಿಯುತ್ತಿರಲಿಲ್ಲ. ಅವಳಿಗೆ ಎಲ್ಲ ಜಪಾನೀಸೂ ಒಂದೇ. ಟೀ ಕೊಡುವಾಗ ತೋಮಿ-ಸಾನ್ ಒಂದು ಮಾತು ಅಂದರೆ ಇವಳೂ ಅದನ್ನೇ ಅನ್ನುವಳು. ಅದು ಒಂದು ಮಾತಿನಿಂದ ಎರಡಾಗಿ, ಎರಡರಿಂದ ಇಷ್ಟಾಯಿತು.

"ನಮ್ಮವ್ವನ ಹತ್ರ ಫೋನಲ್ಲಿ ಹೇಳೋಕಾಗದ್ದನ್ನೂ ಅವರ ಹತ್ರ ಹೇಳ್ತೀನಿ," ಎಂದಳು.

ನನ್ನ ಹತ್ರ ಹೇಳೋಕಾಗದ್ದನ್ನೂ, ಎಂದು ಅವಳು ಹೇಳಲಿಲ್ಲ. ಅವನಿಗೆ ಅದೇ ಕೇಳಿಸಿತು.

"ಒಂದಿನ ನಾನೂ ಬರ್ಲಾ ಅಲ್ಲಿಗೆ?"

"ಬೇಡ."

ಅಷ್ಟು ಬೇಗ ಆ ಉತ್ತರ ಬರುತ್ತದೆಂದು ಅವನು ಎಣಿಸಿರಲಿಲ್ಲ.

"ಬೇಜಾರು ಮಾಡ್ಕೋಬೇಡಿ," ಎಂದಳು ಶೈಲಜಾ. "ನೀವು ಬಂದ್ರೆ ಮಾತು ಶುರು ಮಾಡ್ತೀರಿ. ಎಲ್ಲರೂ ನಿಮ್ಮ ಕಡೆ ತಿರುಗ್ತಾರೆ. ಆಮೇಲೆ ನಾನು ನಿಜವಾಗ್ಲೂ ಟವೆಲ್ ಮಡಚ್ತಾ ಕೂತ್ಕೋಬೇಕಾಗುತ್ತೆ. ಅದೊಂದು ಜಾಗ ನಂಗಿರ್ಲಿ."

ಅವನ ಬಾಯಿಗೆ ನಾಲ್ಕಾರು ಉತ್ತರಗಳು ಬಂದವು, ಎಲ್ಲವೂ ವ್ಯಾಕರಣಶುದ್ಧ. ಒಂದನ್ನೂ ಆಡಲಿಲ್ಲ. ರೈಲು ಸುರಂಗ ಹೊಕ್ಕಿತು. ಕಿಟಕಿಯ ಕತ್ತಲಲ್ಲಿ ಮೂವರ ಪ್ರತಿಬಿಂಬ ಕಂಡಿತು. ಅವನು ನಡುವೆ ಕೂತಿದ್ದರೂ ಅಂಚಿನಲ್ಲಿದ್ದಂತೆ ಅನ್ನಿಸಿತು.

"ಹಾಗಾದ್ರೆ ಮನೇಲಿ ಒಂದ್ಸಲ ಆ ಪದ ಹಾಡು," ಎಂದ, ಸುರಂಗ ಮುಗಿದ ಮೇಲೆ.

ಶೈಲಜಾ ಉತ್ತರಿಸುವ ಮೊದಲು ಟೀ ಮಾರುವ ಹುಡುಗಿ ಗಾಡಿ ತಳ್ಳಿಕೊಂಡು ಬಂದಳು. ಅಭ್ಯಾಸದಂತೆ ಶೈಲಜಾ ಗಂಡನ ಕಡೆ ನೋಡಿದಳು. ಚಂದ್ರಕಾಂತ ಬಾಯಿ ತೆರೆದ, ಮುಚ್ಚಿದ, ಸೀಟಿಗೆ ಒರಗಿ ಮಾತನ್ನು ಅವಳಿಗೇ ಬಿಟ್ಟ. ಶೈಲಜಾಳೇ ಹುಡುಗಿಯ ಜೊತೆ ಮಾತಾಡಿದಳು. ಹುಡುಗಿ ಮೊದಲು ಅಚ್ಚರಿಪಟ್ಟಳು, ಆಮೇಲೆ ನಕ್ಕಳು, ತಮ್ಮಜ್ಜಿಯೂ ಹೀಗೇ ಮಾತಾಡುತ್ತಾರೆ ಎಂದಳು. ಹೆಂಡತಿ ಕೊಟ್ಟ ಬಿಸಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಅವರಿಬ್ಬರ ಮಾತಿನಲ್ಲಿ ಎಷ್ಟು ಅರ್ಥವಾಗುತ್ತದೋ ಅಷ್ಟನ್ನು ಅವನು ಕೇಳುತ್ತ ಕೂತ.